ಫೈನಲ್ ಇಯರ್ ಕಲೆಕ್ಷನ್‌ಗೆ ಸ್ತ್ರೀವಾದ ತಗೊಂಡಿದ್ದೇನೆ. ಎಲ್ಲಿಂದ ಶುರು ಮಾಡಲಿ?

ನೂಲೆಳೆ
ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ, ಕೊನೆಯ ವರ್ಷ. ಮನೆ ಪಡುಬಿದ್ರಿ ಹತ್ತಿರ. ಕೊನೆಯ ಕಲೆಕ್ಷನ್‌ಗೆ ಆರು ಉಡುಪು ಮಾಡಬೇಕು. ನಾನು ಆರಿಸಿದ ವಿಷಯ ಸ್ತ್ರೀವಾದ.

ಮೂಡ್ ಬೋರ್ಡ್ ಮಾಡಿದೆ, ಅಂದರೆ ಐಡಿಯಾದ ಚಿತ್ರ, ಬಣ್ಣ ಅಂಟಿಸುವ ಹಲಗೆ. ನೇರಳೆ, ಬಿಳಿ, ಹಸಿರು ಬಣ್ಣ. ಇಂಗ್ಲೆಂಡಿನಲ್ಲಿ ಮತದಾನದ ಹಕ್ಕಿಗೆ ಹೋರಾಡಿದ ಹೆಂಗಸರು 1908ರಲ್ಲಿ ಇದೇ ಮೂರನ್ನು ತಮ್ಮ ಬಣ್ಣ ಮಾಡಿಕೊಂಡಿದ್ದರು. ಜೊತೆಗೆ ಅಗಲ ಭುಜದ ಕೋಟು, ಪ್ಯಾಂಟು, ಬೆನ್ನ ಮೇಲೆ ದೊಡ್ಡ ಅಕ್ಷರದ ಘೋಷಣೆ, ಎತ್ತಿದ ಮುಷ್ಟಿ. ನನಗೆ ತುಂಬಾ ಇಷ್ಟ ಆಗಿತ್ತು.

ಗೈಡ್ ಮೇಡಂ ನೋಡಿ, "ಚೆನ್ನಾಗಿ ಉಂಟು. ಆದರೆ ಇದರಲ್ಲಿ ನೀನು ಎಲ್ಲಿದ್ದೀಯ?" ಅಂತ ಕೇಳಿದರು. ಹತ್ತು ದಿನದಲ್ಲಿ ಹೊಸದು ತರಬೇಕು.

ಮನೆಗೆ ಬಂದು ಅಮ್ಮನಿಗೆ ತೋರಿಸಿದೆ. ಅಮ್ಮ ಬೀಡಿ ಕಟ್ಟುತ್ತಾ ಕೂತಿದ್ದರು. "ಇದನ್ನು ಹಾಕುವುದು ಯಾರು ಮಗಾ?" ಅಂದರು. ನನಗೆ ಉತ್ತರ ಬರಲಿಲ್ಲ. ಎರಡು ದಿನದಿಂದ ಪೆನ್ಸಿಲ್ ಮುಟ್ಟಿಲ್ಲ. ಎಂತ ಮಾಡಲಿ?

ಮಲ್ಪೆ ಕಡಲು
ಅಬ್ಬಕ್ಕ ಮಾಡಿ. ಪೋರ್ಚುಗೀಸರ ಎದುರು ನಿಂತ ರಾಣಿ ನಮ್ಮ ಉಳ್ಳಾಲದಲ್ಲೇ ಇದ್ದಳು. ಬೇರೆ ಯಾರು ಬೇಕು?

ಕದ್ರಿ ಗುಡ್ಡ
ಅಬ್ಬಕ್ಕನ ಮೇಲೆ ನನಗೂ ಗೌರವ ಉಂಟು. ಆದರೆ ಕಾಲೇಜು ಶೋಗಳಲ್ಲಿ ಅಬ್ಬಕ್ಕ ಅಂದರೆ ಕತ್ತಿ, ಕಿರೀಟ, ಜರಿ ಸೀರೆ ಅಷ್ಟೇ. ಅದು ವೇಷ ಆಗ್ತದೆ, ಡಿಸೈನ್ ಆಗುವುದಿಲ್ಲ. ಅವಳು ಏನು ಉಡುತ್ತಿದ್ದಳು ಅಂತ ಹುಡುಕಿ ಮಾಡುವುದಾದರೆ ಮಾತು ಬೇರೆ.

ಸೂಜಿ ದಾರ
ತಂಗೀ, ನಾನು ಸುರತ್ಕಲ್ ಕಡೆ ಟೈಲರ್. 22 ವರ್ಷ ಆಯ್ತು. ಕಾಲೇಜಿನಲ್ಲಿ ಕಲಿತವಳಲ್ಲ. ಹಾಗಾಗಿ ತಪ್ಪಿದ್ದರೆ ಹೇಳು.

ನನ್ನ ಹತ್ತಿರ ಬರುವ ಹೆಂಗಸರು ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು. "ಅಕ್ಕ, ಒಂದು ಜೇಬು ಇಡ್ತೀರಾ?" ಚೂಡಿದಾರಕ್ಕೆ ಜೇಬು, ನೈಟಿಗೆ ಜೇಬು. ಮೊನ್ನೆ ಒಬ್ಬರು ರವಿಕೆಯ ಒಳಗೇ ಇಡಿಸಿಕೊಂಡು ಹೋದರು, ಬಸ್ಸಿನ ಚಿಲ್ಲರೆಗೆ. ನಾನು ಎಷ್ಟು ಮದುವೆ ರವಿಕೆ ಹೊಲಿದಿದ್ದೇನೆ, ಬೆನ್ನಿಗೆ ಎಷ್ಟು ಮಣಿ ಕೂರಿಸಿದ್ದೇನೆ, ಲೆಕ್ಕ ಇಲ್ಲ. ಆದರೆ ಜೇಬು ಇಟ್ಟ ನೈಟಿ ಕೊಟ್ಟಾಗ ಅವರ ಮುಖದಲ್ಲಿ ಬರುವ ಖುಷಿಯೇ ಬೇರೆ.

ಗಂಡಸಿನ ಅಂಗಿಗೆ ಜೇಬು ಬೇಕಾ ಅಂತ ಯಾರೂ ಕೇಳುವುದಿಲ್ಲ. ಅದು ಇದ್ದೇ ಇರ್ತದೆ. ಹೆಂಗಸು ಕೇಳಿ ಪಡೆಯಬೇಕು. ನಿನ್ನ ಸ್ತ್ರೀವಾದ ಅಲ್ಲಿಂದ ಶುರು ಮಾಡಬಹುದಲ್ವಾ?

ನೂಲೆಳೆ
ಅಕ್ಕಾ! ಅಮ್ಮ ಬೀಡಿ ಪಾಸ್‌ಬುಕ್ಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಹೋಗ್ತಾರೆ. ದಿನಾ ನೋಡ್ತಿದ್ದೆ. ಈಗ ಕಣ್ಣಿಗೆ ಬಿತ್ತು.

ಹಳೆ ಪುಟ
ಟೈಲರ್ ಅಕ್ಕನ ಮಾತಿಗೆ ಇತಿಹಾಸವೂ ಉಂಟು. ಯೂರೋಪಿನಲ್ಲಿ 17ನೇ ಶತಮಾನದ ಕೊನೆಯ ಹೊತ್ತಿಗೆ ಗಂಡಸರ ಕೋಟಿಗೆ ಜೇಬು ಹೊಲಿಗೆಯಲ್ಲೇ ಬಂತು. ಹೆಂಗಸರದ್ದು ಬೇರೆ ಚೀಲ. ಲಾಡಿಯಿಂದ ಸೊಂಟಕ್ಕೆ ಕಟ್ಟಿ, ಲಂಗದ ಒಳಗೆ ಇಟ್ಟುಕೊಳ್ಳುತ್ತಿದ್ದರು. ಲಂಗದ ಪಕ್ಕದ ಸೀಳಿನಿಂದ ಕೈ ಹಾಕಿ ತೆಗೆಯುವುದು. ನಮ್ಮ ಅಜ್ಜಿಯ ಸೊಂಟದ ಎಲೆ ಅಡಿಕೆ ಚೀಲ ನೆನಪಾಗ್ತದೆ. ಆಮೇಲೆ ಲಂಗ ತೆಳ್ಳಗಾಯ್ತು, ಒಳಗೆ ಚೀಲಕ್ಕೆ ಜಾಗ ಉಳಿಯಲಿಲ್ಲ. ಕೈಯಲ್ಲಿ ಹಿಡಿಯುವ ಪುಟ್ಟ ಬ್ಯಾಗ್ ಬಂತು.

1881ರಲ್ಲಿ ಲಂಡನ್ನಿನಲ್ಲಿ ಹೆಂಗಸರ ಉಡುಪು ಸರಿಪಡಿಸಬೇಕು ಅಂತಲೇ ಒಂದು ಸಂಘ ಶುರುವಾಯ್ತು, ರ‍್ಯಾಷನಲ್ ಡ್ರೆಸ್ ಸೊಸೈಟಿ. ಒಳ ಉಡುಪಿನ ತೂಕ ಏಳು ಪೌಂಡ್ ಮೀರಬಾರದು ಅನ್ನುವುದು ಅವರ ಒಂದು ಬೇಡಿಕೆ. ಅಂದರೆ ಮೂರು ಕಿಲೋಗಿಂತ ಸ್ವಲ್ಪ ಜಾಸ್ತಿ. ಅಷ್ಟು ಭಾರವೇ ಅವರಿಗೆ ಕಡಿಮೆ ಅನಿಸಿತ್ತು! ನೀವು ಘೋಷಣೆ ಬಿಡಿ, ಭಾರ, ಬಿಗಿ, ಜೇಬು ಈ ಮೂರನ್ನು ಹಿಡಿಯಿರಿ.

ಬಂದರಿನವ
ನೈಟಿ ಬಗ್ಗೆ ಒಂದು ಮಾತು. ಯಾರೂ ಬೈಯಬೇಡಿ. ನಮ್ಮ ಕಡೆ ಹೆಂಗಸರು ಬೆಳಿಗ್ಗೆಯಿಂದ ರಾತ್ರಿವರೆಗೆ ನೈಟಿಯಲ್ಲೇ ಇರ್ತಾರೆ. ಅಂಗಡಿಗೂ ಅದೇ. ಅದನ್ನು ದೊಡ್ಡದು ಮಾಡಿ ರ‍್ಯಾಂಪಿಗೆ ತರಬೇಕಾ? ನೋಡಲು ಒಂದು ಅಂದ ಬೇಡವಾ?

ಕಾಪು ದೀಪ
ಅಣ್ಣಾ, ನೀವು ಮನೆಯಲ್ಲಿ ಲುಂಗಿ ಎತ್ತಿ ಕಟ್ಟಿ ಅಂಗಡಿಗೆ ಹೋಗುವುದಿಲ್ವಾ? ಅದಕ್ಕೆ ಯಾರೂ ಅಂದ ಕೇಳಿಲ್ಲ.

ನೈಟಿ ಬಂದದ್ದು ಯಾಕೆ ಅಂತ ಒಮ್ಮೆ ಯೋಚನೆ ಮಾಡಿ. ನಮ್ಮ ಸೆಕೆಗೆ ಐದೂವರೆ ಮೀಟರ್ ಸೀರೆ, ಲಂಗ, ರವಿಕೆ ಹಾಕಿ ಒಲೆ ಮುಂದೆ ನಿಲ್ಲುವುದು ಸುಲಭವಾ? ನೈಟಿ ಒಂದೇ ಬಟ್ಟೆ. ಗಾಳಿ ಆಡ್ತದೆ, ಒಗೆದರೆ ಬೇಗ ಒಣಗ್ತದೆ. ಅದನ್ನು ಯಾವ ಡಿಸೈನರ್ ಬಂದು ಹೇಳಿಕೊಡಲಿಲ್ಲ. ಹೆಂಗಸರೇ ಆರಿಸಿಕೊಂಡರು. ಆದರೂ ಅಂಗಳಕ್ಕೆ ಯಾರಾದರೂ ಬಂದ ಕೂಡಲೇ ಓಡಿಹೋಗಿ ಎದೆ ಮೇಲೆ ಒಂದು ಬೈರಾಸು (ಟವೆಲ್) ಹಾಕಿಕೊಳ್ತೇವೆ. ನನಗೆ ಹನ್ನೆರಡು ವರ್ಷ ಆಗುವಾಗ ಅಮ್ಮ ಹೇಳಿಕೊಟ್ಟದ್ದು ಅದು. ಇವತ್ತಿಗೂ ಬೆಲ್ ಆದರೆ ಕೈ ತಾನಾಗಿ ಬೈರಾಸು ಹುಡುಕ್ತದೆ. ನೂಲೆಳೆ, ಸಾಧ್ಯವಾದರೆ ಆ ಬೈರಾಸಿನ ಬಗ್ಗೆ ಒಂದು ಉಡುಪು ಮಾಡಿ. ದಯವಿಟ್ಟು.

ಬಂದರಿನವ
ಸರಿ ಅಕ್ಕ, ಒಪ್ಪಿದೆ. ಬೈರಾಸಿನ ವಿಷಯ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ನನ್ನ ಹೆಂಡತಿಯೂ ಹಾಗೇ ಮಾಡ್ತಾಳೆ.

ಕುಂದಾಪ್ರದವಳು
ಗದ್ದೆ ಕೆಲಸಕ್ಕೆ ಹೋಗುವ ನಮ್ಮ ಅತ್ತೆ ಸೀರೆ ಮೇಲೆ ಮಾವನ ಹಳೆ ಫುಲ್ ತೋಳಿನ ಅಂಗಿ ಹಾಕ್ತಾರೆ. ಬಿಸಿಲು, ಹುಲ್ಲಿನ ತುರಿಕೆ ಎರಡಕ್ಕೂ ಅದೇ ಮದ್ದು. ಜೇಬಿನಲ್ಲಿ ಮೊಬೈಲ್. ಕೋಟು ಪ್ಯಾಂಟು ಹಾಕಿದ ಹೆಂಗಸಿನ ಚಿತ್ರ ಹುಡುಕಲು ಪ್ಯಾರಿಸ್‌ವರೆಗೆ ಯಾಕೆ ಹೋಗ್ತೀರಿ? 1966ರಲ್ಲಿ ಅಲ್ಲಿನ ಡಿಸೈನರ್ ಈವ್ ಸಾಂ ಲೊರಾಂ ಹೆಂಗಸರಿಗೆ ಗಂಡಸರ ಸೂಟು ತಂದದ್ದು ದೊಡ್ಡ ಸುದ್ದಿ ಆಯ್ತು, ನಿಜ. ನಮ್ಮ ಗದ್ದೆಯಲ್ಲಿ ಗಂಡಸರ ಅಂಗಿ ಹಾಕಿದವರ ಬಗ್ಗೆ ಯಾರೂ ಬರೆಯಲಿಲ್ಲ.

ಮತ್ತೆ ಗೊರಬು ನೋಡಿದ್ದೀರಾ? ಮಳೆಗಾಲದಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ತಲೆಯಿಂದ ಬೆನ್ನಿನವರೆಗೆ ಹೊದೆಯುವ ಎಲೆಯ ಹೊದಿಕೆ. ಎರಡೂ ಕೈ ಕೆಲಸಕ್ಕೆ ಸಿಗ್ತದೆ. ಬಗ್ಗಿದಾಗಲೇ ಅದಕ್ಕೆ ಸರಿಯಾದ ಆಕಾರ. ನಿಮ್ಮ ಕಾಲೇಜಿನಲ್ಲಿ ಎಲ್ಲ ಉಡುಪನ್ನೂ ನೆಟ್ಟಗೆ ನಿಂತ ಗೊಂಬೆಗೆ ಹಾಕಿ ನೋಡ್ತೀರಿ ಅಲ್ವಾ? ಬಗ್ಗಿ ಕೆಲಸ ಮಾಡುವ ಮೈಗೆ ಒಂದು ಉಡುಪು ಮಾಡಿ ನೋಡಿ.

ಕೆಂಪು ದಾರ
ಎಲ್ಲರೂ ಖುಷಿಯಲ್ಲಿದ್ದೀರಿ. ನಾನು ಸ್ವಲ್ಪ ಕಟುವಾಗಿ ಹೇಳ್ತೇನೆ, ಕ್ಷಮಿಸಿ.

ಬೀಡಿ ಕಟ್ಟುವವರ ನೈಟಿ, ಗದ್ದೆಯವರ ಅಂಗಿ, ಮೀನು ಮಾರುವವರ ಬುಟ್ಟಿ. ಇದನ್ನೆಲ್ಲ ರ‍್ಯಾಂಪಿಗೆ ತಂದು, ದೀಪ ಹಾಕಿ, ಚಪ್ಪಾಳೆ ಹೊಡೆಸಿಕೊಂಡರೆ ಅವರಿಗೆ ಎಂತ ಸಿಕ್ಕಿತು? 2016ರಲ್ಲಿ ಪ್ಯಾರಿಸ್ಸಿನ ಡಿಯೋರ್ ಕಂಪನಿಯ ಫ್ಯಾಷನ್ ಶೋದಲ್ಲಿ ಸ್ತ್ರೀವಾದದ ಮಾತು ಬರೆದ ಟೀ ಶರ್ಟು ಬಂತು. ಅಂಗಡಿಗೆ ಬಂದಾಗ ಬೆಲೆ 700 ಡಾಲರ್ ದಾಟಿತ್ತು. ಅದಕ್ಕೂ ಮೂರು ವರ್ಷ ಹಿಂದೆ, 2013ರ ಏಪ್ರಿಲ್ 24ಕ್ಕೆ, ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಿದ್ದರು. ಬಟ್ಟೆ ಹೊಲಿಯುವ ಕೆಲಸದವರು, ಹೆಚ್ಚಿನವರು ಹೆಂಗಸರು. ನಮ್ಮ ಬೆಂಗಳೂರಿನಲ್ಲಿ 2016ರಲ್ಲಿ ಪಿಎಫ್ ನಿಯಮ ಬದಲಾದಾಗ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗೆ ಇಳಿದರು. ನಿಯಮ ವಾಪಸ್ ಹೋಯ್ತು. ನನಗೆ ಸ್ತ್ರೀವಾದ ಮತ್ತು ಬಟ್ಟೆ ಅಂದರೆ ಮೊದಲು ನೆನಪಾಗುವುದು ಅದು.

ನೂಲೆಳೆ, ಒಂದೇ ಪ್ರಶ್ನೆ. ನಿಮ್ಮ ಆರು ಉಡುಪು ಹೊಲಿಯುವುದು ಯಾರು? ಅವರಿಗೆ ಎಷ್ಟು ಕೊಡ್ತೀರಿ?

ನೂಲೆಳೆ
ನಿಜ ಹೇಳ್ತೇನೆ. ಪ್ಯಾಟರ್ನ್ ಕಟಿಂಗ್ ನಾನೇ ಮಾಡ್ತೇನೆ. ಆದರೆ ಕೊನೆಯ ಹೊಲಿಗೆ ಹೊರಗೆ ಕೊಡುವುದು ಇಲ್ಲಿ ಎಲ್ಲರ ಅಭ್ಯಾಸ. ಹೋದ ವರ್ಷದ ಸೀನಿಯರ್ ಒಬ್ಬರು ರಾತ್ರಿಯಿಡೀ ಹೊಲಿಸಿದ ಟೈಲರಿಗೆ ದುಡ್ಡು ಕೊಡಲು ಎರಡು ತಿಂಗಳು ಸತಾಯಿಸಿದ್ದು ನನಗೆ ಗೊತ್ತುಂಟು. ನಾನು ಆಗ ಬಾಯಿ ಬಿಡಲಿಲ್ಲ. ಅದು ತಪ್ಪು ಅಂತ ಈಗ ಅನಿಸ್ತದೆ.

ಸೂಜಿ ದಾರ
ಹಾಗೆ ಸತಾಯಿಸುವುದು ಮಾಮೂಲು ತಂಗೀ. ಶೋ ಮುಗಿದ ಮೇಲೆ ಫೋನ್ ಎತ್ತುವುದಿಲ್ಲ. ಹೆಸರು ಹಾಕುವುದು ಹೇಗೂ ಇಲ್ಲ. ನೀನು ಹಾಗೆ ಮಾಡಬೇಡ.

ಪಡುವಣ
ಕೆಂಪು ದಾರ ಅವರ ಪ್ರಶ್ನೆ ಸರಿ. ಆದರೆ ಬೀಡಿ ಕಟ್ಟುವವರ ಮಗಳೇ ತನ್ನ ಅಮ್ಮನ ನೈಟಿ ಬಗ್ಗೆ ಡಿಸೈನ್ ಮಾಡಿದರೆ ಅದನ್ನು ಹೊರಗಿನವರು ಎತ್ತಿಕೊಂಡು ಹೋದ ಹಾಗೆ ಅನ್ನಲು ಆಗುವುದಿಲ್ಲ. ಅವಳಿಗೆ ಆ ಹಕ್ಕು ಉಂಟು. ನಾನೂ ಬೀಡಿ ದುಡ್ಡಿನಲ್ಲೇ ಓದಿದವಳು. ನಮ್ಮ ಎರಡು ಜಿಲ್ಲೆಯಲ್ಲಿ ಇಂಥ ಮಕ್ಕಳು ಎಷ್ಟೋ ಜನ.

ಕೆಂಪು ದಾರ
ಹಕ್ಕು ಇಲ್ಲ ಅಂತ ನಾನು ಹೇಳಿಲ್ಲ. ದುಡ್ಡು, ಹೆಸರು ಎರಡೂ ಸರಿಯಾಗಿ ಸಿಗಲಿ ಅಂದೆ.

ಹೊಳೆ ಬದಿ
ಸೀರೆ, ರವಿಕೆ, ಹೆಂಗಸು ಅಂತ ಮಾತಾಡುವಾಗ ಜಾತಿ ಮರೆಯಬಾರದು. ಈ ಊರಿನಲ್ಲೇ ಕೊರಗ ಸಮುದಾಯದ ಹೆಂಗಸರು ಸೊಪ್ಪು ಕಟ್ಟಿಕೊಂಡು ಇರಬೇಕಾಗಿತ್ತು. ಬಟ್ಟೆ ಉಡುವುದಕ್ಕೂ ಬೇರೆಯವರ ಅಪ್ಪಣೆ. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿ ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ, ಅಷ್ಟು ತಡವಾಗಿ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗೆ ದಶಕಗಟ್ಟಲೆ ಹೋರಾಡಿದರು. 1859ರಲ್ಲಿ ಅಪ್ಪಣೆ ಸಿಕ್ಕಿತು. ಅದೂ ಮೇಲ್ಜಾತಿಯವರ ಹಾಗೆ ಉಡಬಾರದು ಎಂಬ ಷರತ್ತಿನ ಮೇಲೆ. ಒಬ್ಬಳಿಗೆ ಸೆರಗು ಹೊರೆ ಅನಿಸಬಹುದು. ಇನ್ನೊಬ್ಬಳು ಅದೇ ಬಟ್ಟೆಗಾಗಿ ಪೆಟ್ಟು ತಿಂದಿದ್ದಾಳೆ.

ಕಾಪು ದೀಪ
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಬೈರಾಸಿನ ಮಾತನ್ನು ವಾಪಸ್ ತೆಗೆಯುವುದಿಲ್ಲ. ಆದರೆ ಇದೂ ಅದರ ಪಕ್ಕದಲ್ಲೇ ಇರಬೇಕು.

ನೀಲಿ ಕೊಡೆ
ಹಾಗಾದರೆ ನಾನೂ ಹೇಳ್ತೇನೆ. ನಾನು ಶಿರವಸ್ತ್ರ ಹಾಕುವವಳು, ಉಡುಪಿಯವಳು. 2022ರಲ್ಲಿ ನಮ್ಮೂರಿನ ಶಿರವಸ್ತ್ರದ ವಿಷಯ ದೇಶವೆಲ್ಲ ಸುದ್ದಿ ಆಯ್ತು. ಮಾರ್ಚಿನಲ್ಲಿ ಹೈಕೋರ್ಟ್ ತೀರ್ಪು ಬಂತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಆ ದಿನಗಳಲ್ಲಿ ಟಿವಿಯಲ್ಲಿ ಎಲ್ಲರೂ ನಮ್ಮ ತಲೆಯ ಬಟ್ಟೆ ಬಗ್ಗೆ ಮಾತಾಡಿದರು. ನಮ್ಮ ಪರೀಕ್ಷೆ, ನಮ್ಮ ಓದು ಏನಾಯ್ತು ಅಂತ ಕೇಳಿದವರು ಕಡಿಮೆ.

ಹೆಂಗಸಿನ ಬಟ್ಟೆ ಬಿಚ್ಚಿಸುವುದು ಅಥವಾ ಹಾಕಿಸುವುದು ಎರಡೂ ಬೇರೆಯವರ ಕೈಯಲ್ಲಿ ಇರಬಾರದು. ಆರು ಉಡುಪಿನಲ್ಲಿ ಒಂದನ್ನಾದರೂ ತಲೆ ಮುಚ್ಚಿಕೊಳ್ಳುವ ಹುಡುಗಿ ಹಾಕುವ ಹಾಗೆ ಮಾಡಿ. ನಮ್ಮನ್ನು ಬಿಟ್ಟು ಸ್ತ್ರೀವಾದ ಅನ್ನಬೇಡಿ.

ಕದ್ರಿ ಗುಡ್ಡ
ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಶಾಲೆಯಲ್ಲಿ ಎಲ್ಲರಿಗೂ ಒಂದೇ ಸಮವಸ್ತ್ರ ಇರಬೇಕು ಅಂತ ಈಗಲೂ ನಂಬ್ತೇನೆ. ಆದರೆ ಓದು ನಿಲ್ಲಬಾರದಿತ್ತು ಅನ್ನುವುದನ್ನು ಒಪ್ತೇನೆ.

ನೀಲಿ ಕೊಡೆ
ಅಷ್ಟನ್ನು ಒಪ್ಪಿದ್ದಕ್ಕೆ ಥ್ಯಾಂಕ್ಸ್. ಉಳಿದದ್ದು ಇನ್ನೊಮ್ಮೆ ಜಗಳ ಮಾಡುವ.

ಮಲ್ಪೆ ಕಡಲು
ಅಬ್ಬಕ್ಕ ಬೇಡವಾದರೆ ದೈವದ ಅಣಿ, ದೈವ ಕಟ್ಟುವವರು ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ, ತಗೊಳ್ಳಬಹುದಾ? ಆಕಾರ ಎಷ್ಟು ಚಂದ! ಹೆಣ್ಣು ದೈವಗಳೂ ಉಂಟಲ್ಲ.

ಪಡುವಣ
ಬೇಡ ಮಾರಾಯ್ರೆ. ಅದು ನಂಬಿಕೆಯ ವಸ್ತು. ಕಟ್ಟುವವರ ಸಮುದಾಯಕ್ಕೆ ಸೇರಿದ್ದು. ಅದನ್ನು ಸ್ಟೇಜಿಗೆ ತಂದು ಯಾರನ್ನೂ ನೋಯಿಸುವುದು ಬೇಡ.

ಒಬೇಲೆ
ದೈವದ ಅಣಿ ಬೇಡ, ಸಿರಿಯ ಸೀರೆ ತಗೊಳ್ಳಿ. ನಮ್ಮ ಅಜ್ಜಿ ನೇಜಿ ನೆಡುವಾಗ ಸಿರಿ ಪಾಡ್ದನ, ಅಂದರೆ ಸಿರಿಯ ಕತೆ ಹೇಳುವ ತುಳು ಹಾಡು, ಹೇಳ್ತಿದ್ದರು. ಸಿರಿ ಬಸುರಿ. ಬಯಕೆಗೆ ಅಂತ ಗಂಡ ಕಾಂತು ಪೂಂಜ ಸೀರೆ ತರ್ತಾನೆ. ದಾರಿಯಲ್ಲಿ ಇನ್ನೊಬ್ಬ ಹೆಂಗಸಿನ ಮನೆಗೆ ಹೋಗ್ತಾನೆ. ಅವಳು ಆ ಸೀರೆಯನ್ನು ಉಟ್ಟು ನೋಡ್ತಾಳೆ. ಮಡಚಿ ತಂದುಕೊಟ್ಟರೆ ಸಿರಿಗೆ ಗೊತ್ತಾಗದೇ ಇರ್ತದಾ? ನೆಂಟರೆಲ್ಲ ಕೂತಿರುವಾಗ ಸೀರೆ ಬೇಡ ಅಂತಾಳೆ. ಮುಂದೆ ಗಂಡನಿಗೆ ಬರ (ವಿಚ್ಛೇದನ) ಹೇಳಿ ಮನೆ ಬಿಟ್ಟು ಹೊರಡ್ತಾಳೆ. ಇನ್ನೊಂದು ಮದುವೆಯನ್ನೂ ಆಗ್ತಾಳೆ.

ಅಜ್ಜಿ ಈ ಭಾಗ ಬಂದಾಗ ಸ್ವರ ಗಟ್ಟಿ ಮಾಡ್ತಿದ್ದರು. ಗದ್ದೆಯ ಹೆಂಗಸರೆಲ್ಲ ಒಟ್ಟಿಗೆ ಸೊಲ್ಲು ಕೊಡ್ತಿದ್ದರು. ಗೋಪಾಲ ನಾಯ್ಕರು ಹೇಳಿದ ಪಾಠ 1998ರಲ್ಲಿ ಅಚ್ಚಾಗಿದೆ, 15,683 ಸಾಲು. ಊರಿಂದ ಊರಿಗೆ ಕತೆ ಸ್ವಲ್ಪ ಬದಲಾಗ್ತದೆ. ಸೀರೆ ಬೇಡ ಅಂದ ಹೆಣ್ಣು ನಮ್ಮಲ್ಲೇ ಇದ್ದಾಳೆ ಅಂತ ಮೇಡಂಗೆ ಹೇಳಿ.

ಹಳೆ ಪುಟ
ಆಹಾ. ಇದು ನನಗೆ ಹೊಳೆಯಲೇ ಇಲ್ಲ.

ಬಂದರಿನವ
ಹಾಗಾದರೆ ತುಳುನಾಡಿನಲ್ಲಿ ಹೆಂಗಸರಿಗೆ ಮೊದಲಿಂದಲೂ ಸ್ಥಾನ ಇತ್ತು ಅಂತ ಆಯ್ತಲ್ಲ. ಅಳಿಯಕಟ್ಟು ನಮ್ಮದೇ. ಆಸ್ತಿ ಹೆಣ್ಣಿನ ಕಡೆಯಿಂದ.

ಹೊಳೆ ಬದಿ
ಆಸ್ತಿ ಹೆಣ್ಣಿನ ಕಡೆಯಿಂದ ಬರ್ತಿತ್ತು, ಹೌದು. ಆದರೆ ಹೆಚ್ಚಿನ ಮನೆಗಳಲ್ಲಿ ಬೀಗದ ಕೈ ಸೋದರಮಾವನ ಸೊಂಟದಲ್ಲಿ. ಮತ್ತೆ ಎಲ್ಲ ಜಾತಿಗೂ ಅಳಿಯಕಟ್ಟು ಇರಲಿಲ್ಲ. ಅದನ್ನು ಹೇಳಿಕೊಂಡು ಈಗಿನ ಲೆಕ್ಕ ತಪ್ಪಿಸುವುದು ಬೇಡ.

ಕಂಡಿಕೆ
ಬಟ್ಟೆಯ ಬಗ್ಗೆ ಯಾರೂ ಮಾತಾಡಿಲ್ಲ! ನೂಲೆಳೆ, ಪಾಲಿಯೆಸ್ಟರ್ ತರಬೇಡಿ. ಉಡುಪಿ ಸೀರೆ ನೋಡಿ. ಕೈಮಗ್ಗದ ಹತ್ತಿ, ಹಗುರ, ನಮ್ಮ ಸೆಕೆಗೆ ಸರಿ. 2016ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದೇ ಎಂಬ ಸರಕಾರಿ ಮಾನ್ಯತೆ, ಸಿಕ್ಕಿದೆ. ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಂಘ ಉಂಟು, ನಿಮ್ಮ ಮನೆಗೆ ಹತ್ತಿರವೇ. ನಾನು ನೇಕಾರರ ಮನೆಯವಳು. ಚಿಕ್ಕಂದಿನಲ್ಲಿ ಕಂಡಿಕೆ (ನೇಯುವ ನೂಲಿನ ಸುರುಳಿ) ಸುತ್ತುವುದು ಅಮ್ಮ ಮತ್ತು ನಾವು ಹೆಣ್ಣು ಮಕ್ಕಳು. ಮಗ್ಗದಲ್ಲಿ ಕೂತ ಅಪ್ಪ ನೇಕಾರ. ನಮಗೆ ಹೆಸರಿಲ್ಲ, ಕೆಲಸ ಮಾತ್ರ. ಈಗ ಹೆಂಗಸರೂ ಮಗ್ಗದಲ್ಲಿ ಕೂರ್ತಾರೆ. ಹೋಗಿ ಅವರ ಜೊತೆ ಒಂದು ದಿನ ಇರಿ.

ಮಂಗಳೂರಿನಲ್ಲೇ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮರೆಯಬೇಡಿ. ಬಾಲ್ಯದಲ್ಲೇ ವಿಧವೆ ಆಗಿ, ಮತ್ತೆ ಮದುವೆ ಆದವರು. 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ನಿಂತು ಸ್ವಲ್ಪದರಲ್ಲಿ ಸೋತರು. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಇರಬೇಕು ಅಂತ ಗಾಂಧೀಜಿಯನ್ನು ಒಪ್ಪಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಕೈಮಗ್ಗ, ಕರಕುಶಲ ಕೆಲಸಕ್ಕೆ ಜೀವ ತುಂಬಿದರು. ಸ್ತ್ರೀವಾದ ಮತ್ತು ಬಟ್ಟೆ ಎರಡನ್ನೂ ಒಂದೇ ಕೈಯಲ್ಲಿ ಹಿಡಿದವರು ನಿಮ್ಮ ಕಾಲೇಜು ಇರುವ ಊರಿನಲ್ಲೇ ಹುಟ್ಟಿದ್ದಾರೆ.

ಕದ್ರಿ ಗುಡ್ಡ
ಬಟ್ಟೆ ಅಂದಾಗ ನೆನಪಾಯ್ತು. ಖಾಕಿ ಬಣ್ಣ ಹುಟ್ಟಿದ್ದು ಮಂಗಳೂರಿನಲ್ಲಿ, ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ. ಗೊತ್ತಿತ್ತಾ?

ಹಳೆ ಪುಟ
ಅರ್ಧ ಸರಿ. 1850ರ ಹೊತ್ತಿಗೆ ಆ ಮಿಷನ್ನಿನ ಹಾಲರ್ ಇಲ್ಲಿ ಖಾಕಿ ಬಣ್ಣ ಮಾಡಿದ ಅಂತ ಹೇಳ್ತಾರೆ. ಆದರೆ ಪೇಶಾವರ ಕಡೆಯ ಒಂದು ಪಡೆ 1840ರ ದಶಕದಲ್ಲೇ ಮಣ್ಣಿನ ಬಣ್ಣದ ಬಟ್ಟೆ ಹಾಕುತ್ತಿತ್ತು. ಹೆಸರೂ ಆ ಕಡೆಯದೇ. ಖಾಕ್ ಅಂದರೆ ಧೂಳು. ಇದಕ್ಕೂ ನೂಲೆಳೆಯ ವಿಷಯಕ್ಕೂ ಸಂಬಂಧ ಇಲ್ಲ ಬಿಡಿ.

ಕಂಡಿಕೆ
ಸಂಬಂಧ ಉಂಟು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದಲೂ ಹತ್ತಿಗೆ ಕಂದು ಬಣ್ಣ ಬರ್ತದೆ. ಅಡಿಕೆ ಸುಲಿಯುವುದರಲ್ಲಿ ಹೆಂಗಸರೇ ಜಾಸ್ತಿ. ನೇರಳೆ ಬಿಟ್ಟು ಆ ಬಣ್ಣ ಹಿಡಿಯಲಿ.

ನೂಲೆಳೆ
ನಾಲ್ಕು ದಿನ ಇಲ್ಲಿ ಬರಲಿಲ್ಲ, ಕ್ಷಮಿಸಿ. ಕಿನ್ನಿಗೋಳಿಗೆ ಹೋಗಿದ್ದೆ. ಆಮೇಲೆ ಅಮ್ಮನ ಜೊತೆ ಬೀಡಿ ಬ್ರಾಂಚಿಗೆ ಹೋದೆ. ಸಾಲಿನಲ್ಲಿ ನಿಂತ ಹದಿನೇಳು ಜನರ ಹತ್ತಿರ ಒಂದೇ ಪ್ರಶ್ನೆ ಕೇಳಿದೆ. ನಿಮ್ಮ ಉಡುಪಿನಲ್ಲಿ ಎಂತ ಬದಲಾಗಬೇಕು? ಹನ್ನೆರಡು ಜನ ಜೇಬು ಅಂದರು. ಮೂವರು ನಕ್ಕು ಮಾತಾಡಲಿಲ್ಲ. ಒಬ್ಬರು, ಬ್ರಾಂಚಿಗೆ ಬರುವಾಗ ಬೈರಾಸು ಹುಡುಕದ ಹಾಗೆ ಇರಬೇಕು ಅಂದರು. ಇನ್ನೊಬ್ಬರು ವಯಸ್ಸಾದವರು. ಎಲೆ ಕತ್ತರಿಸುವ ಕತ್ತರಿ ಮಡಿಲಿಂದ ಜಾರಿ ಕಾಲಿಗೆ ಬಿದ್ದ ಗಾಯ ತೋರಿಸಿದರು. ಅದಕ್ಕೊಂದು ಗೂಡು ಬೇಕಂತೆ.

ಹೊಸ ಬೋರ್ಡ್ ತೋರಿಸಿದೆ. ಅಮ್ಮ ಕೂತಿರುವ ಚಿತ್ರ, ಅಮ್ಮನನ್ನೇ ಕೇಳಿ ತೆಗೆದದ್ದು. ನಿಂತ ಗೊಂಬೆ ಇಲ್ಲ. ಎರಡು ಉಡುಪು ಕೂತು ಮಾಡುವ ಕೆಲಸಕ್ಕೆ, ಎರಡು ಬಗ್ಗಿ ಮಾಡುವ ಕೆಲಸಕ್ಕೆ. ಒಂದು ಉಡುಪಿಗೆ ಎದೆಯ ಮೇಲಿನ ಬಟ್ಟೆ ಹೊಲಿಗೆಯಲ್ಲೇ ಸೇರಿದೆ. ಗುಬ್ಬಿ (ಬಟನ್) ತೆಗೆದರೆ ಹಿಂದಕ್ಕೆ ಹೋಗ್ತದೆ, ಬೇಕಾದರೆ ತಲೆಗೂ ಬರ್ತದೆ. ಹಾಕುವವಳೇ ತೀರ್ಮಾನ ಮಾಡಲಿ. ಆರನೆಯದು ಸಿರಿಯ ಸೀರೆ, ಮಡಚಿ ಇಟ್ಟದ್ದು. ಅದನ್ನು ಯಾರೂ ಉಡುವುದಿಲ್ಲ.

ಮೇಡಂ ತುಂಬಾ ಹೊತ್ತು ನೋಡಿದರು. ಹೊಲಿಯುವವರ ಹೆಸರು ಮತ್ತು ಕೂಲಿ ಬೋರ್ಡಿನಲ್ಲೇ ಬರೆದಿದ್ದೆ. ಅದು ಯಾಕೆ ಅಂತ ಕೇಳಿದರು, ಹೇಳಿದೆ. ಒಪ್ಪಿದರು. ಈಗ ನೈಟಿಯಲ್ಲಿ ಜೇಬು ಜೋತು ಬೀಳ್ತಾ ಉಂಟು. ಮೂರು ಸಲ ಹೊಲಿದು ಬಿಚ್ಚಿದೆ. ಟೈಲರ್ ಅಕ್ಕಾ, ಇದ್ದೀರಾ?

ಸೂಜಿ ದಾರ
ಇದ್ದೇನೆ ತಂಗೀ. ತೆಳು ಹತ್ತಿಗೆ ಪಕ್ಕದ ಹೊಲಿಗೆಯಲ್ಲಿ ಜೇಬು ಇಟ್ಟರೆ ಮೊಬೈಲ್ ಭಾರಕ್ಕೆ ಎಳೆಯುತ್ತದೆ. ನೈಟಿಗೆ ಸೊಂಟದಲ್ಲಿ ಹಿಡಿತ ಇಲ್ಲ, ಅದಕ್ಕೆ. ಎರಡು ದಾರಿ ಉಂಟು. ಜೇಬಿನ ಮೇಲಿಂದ ಎದೆಯ ಯೋಕ್‌ವರೆಗೆ ಒಳಗಡೆ ಒಂದು ಇಂಚಿನ ಪಟ್ಟಿ ಕೊಡು, ಭಾರ ಭುಜಕ್ಕೆ ಹೋಗ್ತದೆ. ಇಲ್ಲದಿದ್ದರೆ ಹಳೆ ಪುಟದವರು ಹೇಳಿದ ಹಾಗೆ ಸೊಂಟಕ್ಕೆ ಕಟ್ಟುವ ಚೀಲವೇ ಮಾಡು, ನೈಟಿಯ ಪಕ್ಕದಲ್ಲಿ ಸೀಳು ಬಿಡು. ಕೈ ಹೋಗುವ ಬಾಯಿ ಆರೂವರೆ ಇಂಚು ಇರಲಿ, ಎರಡೂ ತುದಿಗೆ ಮೂರು ಸಲ ಹಿಂದೆ ಮುಂದೆ ಹೊಲಿಗೆ ಹಾಕು. ಕತ್ತರಿಯ ಗೂಡಿಗೆ ಹತ್ತಿ ಸಾಲದು. ಹಳೆ ಜೀನ್ಸ್ ಬಟ್ಟೆ ಎರಡು ಪದರ ಮಾಡು, ತುದಿ ಬರುವ ಕಡೆ ಮೂರು.

ಶನಿವಾರ ಮಧ್ಯಾಹ್ನ ಮೇಲೆ ಅಂಗಡಿಯಲ್ಲಿ ಕೆಲಸ ಕಡಿಮೆ. ಅಮ್ಮನನ್ನೂ ಕರೆದುಕೊಂಡು ಬಾ. ಕತ್ತರಿಯನ್ನೂ ತರಲು ಹೇಳು, ಅಳತೆ ಅದರ ಮೇಲೆಯೇ ತೆಗೆಯುವ.